ಅಂತರ್ಜಲದಲ್ಲಿ ಆರ್ಸೆನಿಕ್: ಪರೀಕ್ಷೆಯ ಚೀಟಿ ಹೇಳದ ಮಾತು

ಕೊಳವೆ ಬಾವಿ ಕೊರೆಸಿದಾಗ ನೆರೆದವರೆಲ್ಲ ಕೇಳುವ ಪ್ರಶ್ನೆ ಒಂದೇ: ಎಷ್ಟು ಇಂಚು ನೀರು ಬಿತ್ತು? ಎರಡು ಇಂಚು ಎಂದರೆ ಸಮಾಧಾನ, ಮೂರು ಇಂಚು ಎಂದರೆ ಕಾಯಿ ಒಡೆದು ಸಕ್ಕರೆ ಹಂಚುವುದೂ ಉಂಟು. ತಿಳಿವಳಿಕೆಯುಳ್ಳ ರೈತರು ಮರುವಾರ ಒಂದು ಸೀಸೆಯಲ್ಲಿ ನೀರು ತುಂಬಿ ನಮ್ಮಂಥವರ ಪ್ರಯೋಗಾಲಯಕ್ಕೆ ತಂದುಕೊಡುತ್ತಾರೆ. ಇದು ಒಳ್ಳೆಯ ಅಭ್ಯಾಸ. ಆ ನೀರಿನ ವಿದ್ಯುತ್ ವಾಹಕತೆ ಎಷ್ಟು, ಸೋಡಿಯಂ ಎಷ್ಟು, ಉಳಿಕೆ ಕಾರ್ಬೊನೇಟ್ ಎಷ್ಟು ಎಂಬುದನ್ನು ಅಳೆದು, ಅದನ್ನು ಒಂದು ದರ್ಜೆಗೆ ಸೇರಿಸಿ, ‘ನೀರಾವರಿಗೆ ಯೋಗ್ಯ’ ಎಂದೋ ‘ಎಚ್ಚರಿಕೆಯಿಂದ ಬಳಸಬಹುದು’ ಎಂದೋ ನಾವು ಚೀಟಿ ಬರೆದುಕೊಡುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ.

ಕೆಲವು ವರ್ಷಗಳ ಹಿಂದೆ ತೊಗರಿ ಬೆಳೆಯ ಕ್ಷೇತ್ರೋತ್ಸವಕ್ಕೆಂದು ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಊಟಕ್ಕೆ ಕರೆದ ರೈತರ ಪಂಪಿನ ಮನೆಯ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲೇ, ಗಾಜಿನ ಕಟ್ಟು ಹಾಕಿಸಿದ ಒಂದು ನೀರಿನ ಚೀಟಿ ತೂಗಿತ್ತು. ಮನೆಯ ಹೆಣ್ಣುಮಕ್ಕಳು ಅದೇ ಬಾವಿಯಿಂದ ಕೊಡ ತುಂಬುತ್ತಿದ್ದರು. “ಇದನ್ನೇ ಕುಡಿಯುತ್ತೀರಾ?” ಎಂದು ಕೇಳಿದೆ. “ಕುಡೀತೀವ್ರಿ. ಪಾಸ್ ಆಗೇತಲ್ಲ, ಚೀಟಿ ನಿಮ್ಮವರದ ಐತಿ” ಎಂದರು ಆ ರೈತರು.

ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಚೀಟಿ ಯಾವ ಪ್ರಯೋಗಾಲಯದ್ದು ಎಂಬುದು ಇಲ್ಲಿ ಮುಖ್ಯವಲ್ಲ. ಅದರಲ್ಲಿ ಬರೆದದ್ದೆಲ್ಲ ನಿಜವೇ ಆಗಿತ್ತು. ಆದರೆ ಅದರಲ್ಲಿ ಫ್ಲೋರೈಡಿನ ಮಾತಿರಲಿಲ್ಲ, ನೈಟ್ರೇಟಿನ ಮಾತಿರಲಿಲ್ಲ, ಆರ್ಸೆನಿಕ್ಕಿನ ಮಾತಂತೂ ಇರಲೇ ಇಲ್ಲ. ಅದೋ ಹಟ್ಟಿ ಚಿನ್ನದ ಗಣಿಯ ಸೀಮೆ. ನಾನು ಒಂದು ಸೀಸೆ ನೀರು ತಂದು ಬೇರೆ ಕಡೆ ಪರೀಕ್ಷೆ ಮಾಡಿಸಿದೆ. ಪುಣ್ಯಕ್ಕೆ ಆರ್ಸೆನಿಕ್ ಮಿತಿಯೊಳಗೇ ಇತ್ತು. ಆದರೆ ಫ್ಲೋರೈಡ್ ಮಿತಿ ಮೀರಿತ್ತು. ‘ಯೋಗ್ಯ’ ಎಂಬ ನಮ್ಮ ಒಂದು ಪದವನ್ನು ನಂಬಿ ಆ ಮನೆಯ ಮಕ್ಕಳು ಅಷ್ಟು ದಿನ ಆ ನೀರು ಕುಡಿದಿದ್ದರು.

ಫ್ಲೋರೈಡಿನ ಕಥೆ ನಮ್ಮ ರೈತರಿಗೆ ಹೊಸದಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಹಲ್ಲಿನ ಕಂದು ಕಲೆ, ಬಾಗಿದ ಮೂಳೆ ಇವುಗಳ ಪರಿಚಯವಿದೆ. ಆರ್ಸೆನಿಕ್ ಹಾಗಲ್ಲ. ಅದರ ಹೆಸರು ಹೇಳಿದೊಡನೆ ಜನ ಕೇಳುವುದು, “ಅದನ್ನು ನೀರಿಗೆ ಯಾರು ಬೆರೆಸಿದರು?” ಎಂದು. ಹಿಂದೆ ಪಾಷಾಣವೆಂದರೆ ಇಲಿ ಕೊಲ್ಲುವ ಔಷಧಿ, ಇಲ್ಲವೇ ಯಾರನ್ನಾದರೂ ಮುಗಿಸಲು ಅನ್ನದಲ್ಲಿ ಹಾಕುವ ವಿಷ. ಕೀಟನಾಶಕಗಳಲ್ಲಿಯೂ ಒಂದು ಕಾಲದಲ್ಲಿ ಸೀಸದ ಆರ್ಸಿನೇಟ್, ಸುಣ್ಣದ ಆರ್ಸಿನೇಟ್ ಬಳಕೆಯಲ್ಲಿದ್ದವು. ಹೀಗಾಗಿ ಕಾರ್ಖಾನೆಯವರ ಮೇಲೋ ಔಷಧಿ ಅಂಗಡಿಯವರ ಮೇಲೋ ಮೊದಲು ಅನುಮಾನ ಹೋಗುವುದು ಸಹಜ. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ಜನರಿಗೆ ತೊಂದರೆ ಕೊಟ್ಟಿರುವ ಆರ್ಸೆನಿಕ್ ಯಾರೂ ಬೆರೆಸಿದ್ದಲ್ಲ, ಭೂಮಿಯೊಳಗೇ ಇದ್ದದ್ದು.

ಕಲ್ಲು ಮಣ್ಣುಗಳಲ್ಲಿ ಆರ್ಸೆನಿಕ್ ಎಲ್ಲೆಡೆಯೂ ಅಷ್ಟಿಷ್ಟು ಇರುತ್ತದೆ. ಸಾಮಾನ್ಯವಾಗಿ ಒಂದು ಕಿಲೋ ಬಂಡೆಯಲ್ಲಿ ಒಂದೆರಡು ಮಿಲಿಗ್ರಾಂ. ನಾಟಿ ವೈದ್ಯರು ಬಲ್ಲ ಅರದಾಳ, ಮನಃಶಿಲೆ ಎರಡೂ ಆರ್ಸೆನಿಕ್ ಮತ್ತು ಗಂಧಕ ಕೂಡಿದ ಖನಿಜಗಳೇ. ಅದು ಕಲ್ಲಿನಲ್ಲಿ ಗಟ್ಟಿಯಾಗಿ ಕುಳಿತಿರುವ ತನಕ ಯಾರಿಗೂ ಕೇಡಿಲ್ಲ. ಅದು ಕಲ್ಲನ್ನು ಬಿಟ್ಟು ನೀರಿಗೆ ಹೇಗೆ ಇಳಿಯುತ್ತದೆ ಎಂಬುದೇ ನಾವು ತಿಳಿಯಬೇಕಾದ ವಿಷಯ. ಇಳಿಯುವ ದಾರಿಗಳು ಹಲವು. ಅವುಗಳಲ್ಲಿ ಎರಡು ನಮಗೆ ಮುಖ್ಯ.

ಮೊದಲನೆಯ ದಾರಿಯನ್ನು ಲೋಕಕ್ಕೆ ಕಲಿಸಿದ್ದು ಬಂಗಾಳ. ಗಂಗಾ ಮತ್ತು ಬ್ರಹ್ಮಪುತ್ರಾ ನದಿಗಳು ಹಿಮಾಲಯದಿಂದ ಸಾವಿರಾರು ವರ್ಷ ಮೆಕ್ಕಲನ್ನು ತಂದು ಅಲ್ಲಿ ಹರಡಿವೆ. ಆ ಮರಳಿನ ಪ್ರತಿ ಕಣಕ್ಕೂ ಕಬ್ಬಿಣದ ತುಕ್ಕಿನ ತೆಳುವಾದ ಹೊದಿಕೆಯಿರುತ್ತದೆ. ಆ ತುಕ್ಕು ಆರ್ಸೆನಿಕ್ಕನ್ನು ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಮೆಕ್ಕಲಿನ ಜೊತೆಗೆ ಎಲೆ, ಬೇರು, ಜೊಂಡು ಕೂಡ ಹೂತುಹೋಗಿವೆ. ಇವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮೊದಲು ಅಲ್ಲಿನ ಆಮ್ಲಜನಕವನ್ನು ಮುಗಿಸುತ್ತವೆ. ಅದು ಮುಗಿದ ಮೇಲೆ ಉಸಿರಾಟಕ್ಕೆ ತುಕ್ಕನ್ನೇ ಬಳಸಿಕೊಳ್ಳುತ್ತವೆ. ಆಗ ತುಕ್ಕು ಕರಗಿ, ಅದು ಹಿಡಿದಿದ್ದ ಆರ್ಸೆನಿಕ್ ನೀರಿಗೆ ಬಿಡುಗಡೆಯಾಗುತ್ತದೆ. ನೀರು ನಿಲ್ಲಿಸಿದ ಭತ್ತದ ಗದ್ದೆಯಲ್ಲಿ ಕೆಸರು ಬೂದು ಬಣ್ಣಕ್ಕೆ ತಿರುಗಿ, ಕಬ್ಬಿಣ ಕರಗಿ, ಕಾಲುವೆಯಂಚಿನಲ್ಲಿ ಎಣ್ಣೆಯಂಥ ಪೊರೆ ಕಟ್ಟುವುದನ್ನು ನೀವು ನೋಡಿರುವಿರಿ. ಭೂಮಿಯೊಳಗೆ ನಡೆಯುವುದೂ ಬಹುಮಟ್ಟಿಗೆ ಅದೇ ಕ್ರಿಯೆ. ಅಲ್ಲಿ ಬೂದು ಬಣ್ಣದ ಹೊಸ ಮರಳಿನ ನೀರಿನಲ್ಲಿ ಆರ್ಸೆನಿಕ್ ಹೆಚ್ಚು, ಕೆಳಗಿರುವ ಕೆಂಪು ಕಂದು ಬಣ್ಣದ ಹಳೆಯ ಮರಳಿನ ನೀರಿನಲ್ಲಿ ಕಡಿಮೆ. ಬಾಂಗ್ಲಾದೇಶದ ಬಾವಿ ಕೊರೆಯುವವರು ಮರಳಿನ ಬಣ್ಣ ನೋಡಿ ಇದನ್ನು ಊಹಿಸುವುದೂ ಉಂಟು. ಆದರೆ ನಮ್ಮ ಕಲ್ಲು ನೆಲದಲ್ಲಿ ಈ ಲಕ್ಷಣ ನಡೆಯುವುದಿಲ್ಲ. ಯಾರೂ ಅದನ್ನು ಇಲ್ಲಿ ಪ್ರಯೋಗಿಸಲು ಹೋಗಬಾರದು.

ಬಂಗಾಳದಲ್ಲಿ ಆದದ್ದಾದರೂ ಏನು? ಕೆರೆ ಕುಂಟೆಯ ನೀರು ಕುಡಿದು ವಾಂತಿಭೇದಿಯಿಂದ ಮಕ್ಕಳು ಸಾಯುತ್ತಿದ್ದುದನ್ನು ತಡೆಯಲು 1970ರ ದಶಕದಿಂದ ಯುನಿಸೆಫ್ ನೆರವಿನೊಂದಿಗೆ ಬಾಂಗ್ಲಾದೇಶದಲ್ಲಿ ಕೈಪಂಪು ಹಾಕಿಸಲಾಯಿತು. ಉದ್ದೇಶ ಒಳ್ಳೆಯದೇ. ನಂತರ ಜನರೇ ಸ್ವಂತ ಖರ್ಚಿನಿಂದ ಲಕ್ಷಗಟ್ಟಲೆ ಬಾವಿ ಹಾಕಿಸಿಕೊಂಡರು. ನೀರು ತಿಳಿಯಾಗಿತ್ತು, ರುಚಿಯಾಗಿತ್ತು. 1983ರಲ್ಲಿ ಕಲ್ಕತ್ತೆಯ ಚರ್ಮವೈದ್ಯ ಡಾ. ಕೆ. ಸಿ. ಸಾಹಾ ಅವರು ಪಶ್ಚಿಮ ಬಂಗಾಳದ ಹಳ್ಳಿಗಳಿಂದ ಬಂದ ರೋಗಿಗಳ ಮೈಮೇಲಿನ ಕಲೆಗಳನ್ನು ನೋಡಿ ಇದು ಆರ್ಸೆನಿಕ್ಕಿನ ವಿಷವೆಂದು ಗುರುತಿಸಿದರು. ಗಡಿಯಾಚೆ ಬಾಂಗ್ಲಾದೇಶದ ಬಾವಿಗಳಲ್ಲಿ ಅದು ಖಚಿತವಾಗಲು 1993 ಬರಬೇಕಾಯಿತು. 1998-99ರಲ್ಲಿ ಅಲ್ಲಿ 3,534 ಬಾವಿಗಳ ನೀರನ್ನು ಪರೀಕ್ಷಿಸಿದಾಗ, 150 ಮೀಟರಿಗಿಂತ ಕಡಿಮೆ ಆಳದ ಬಾವಿಗಳಲ್ಲಿ ಶೇ. 27ರಷ್ಟು ಲೀಟರಿಗೆ 50 ಮೈಕ್ರೋಗ್ರಾಂ ಮಿತಿಯನ್ನೂ, ಶೇ. 46ರಷ್ಟು 10 ಮೈಕ್ರೋಗ್ರಾಂ ಮಿತಿಯನ್ನೂ ದಾಟಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2000ದಲ್ಲಿ ಬಂದ ಲೇಖನವೊಂದು ಇದನ್ನು ಚರಿತ್ರೆಯಲ್ಲೇ ಅತಿ ದೊಡ್ಡ ಸಾಮೂಹಿಕ ವಿಷಪ್ರಾಶನವೆಂದು ಕರೆಯಿತು.

ಹತ್ತು ಮೈಕ್ರೋಗ್ರಾಂ ಎಂದರೆ ಎಷ್ಟು? ಹತ್ತು ಲಕ್ಷ ಲೀಟರ್ ಹಿಡಿಯುವ ದೊಡ್ಡ ಟ್ಯಾಂಕಿಗೆ ಹತ್ತು ಗ್ರಾಂ, ಅಂದರೆ ಒಂದು ತೊಲೆಗೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಈ ಮಟ್ಟವನ್ನು ಸೂಚಿಸಿತು; ನಮ್ಮ ದೇಶದ ಕುಡಿಯುವ ನೀರಿನ ಮಾನಕವೂ ಇದೇ. ಇಷ್ಟು ಅಲ್ಪ ಪ್ರಮಾಣ ನಾಲಿಗೆಗೆ ತಿಳಿಯದು, ಮೂಗಿಗೆ ತಿಳಿಯದು, ಕಣ್ಣಿಗೆ ಕಾಣದು. ನೀರನ್ನು ಕುದಿಸಿದರೂ ಹೋಗದು. ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ಮೇಲಾಗಿ ಇದು ಕುಡಿದ ದಿನವೇ ಕೊಲ್ಲುವ ವಿಷವಲ್ಲ. ವರ್ಷಾನುಗಟ್ಟಲೆ ಕುಡಿದ ಮೇಲೆ ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಬಿಳಿ ಚುಕ್ಕೆಗಳು, ಅಂಗೈ ಅಂಗಾಲಿನಲ್ಲಿ ಗಂಟುಗಂಟಾದ ಜಡ್ಡು ಕಾಣುತ್ತವೆ. ಮುಂದೆ ಚರ್ಮ, ಮೂತ್ರಕೋಶ, ಶ್ವಾಸಕೋಶಗಳ ಕ್ಯಾನ್ಸರಿಗೂ ಅದು ದಾರಿ ಮಾಡುತ್ತದೆ. ಅಂಗೈ ಜಡ್ಡುಗಟ್ಟುವುದು ದುಡಿಯುವ ರೈತನಿಗೆ ಹೊಸದೇ? ಹೀಗಾಗಿ ಮೊದಮೊದಲು ಯಾರೂ ಲಕ್ಷ್ಯ ಕೊಡುವುದಿಲ್ಲ. ಇದು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ಬಂಗಾಳದಲ್ಲಿ ಇದನ್ನು ಕುಷ್ಠವೆಂದು ತಿಳಿದು ಮದುವೆಗಳು ಮುರಿದದ್ದುಂಟು.

“ಅದು ಗಂಗೆಯ ಮೆಕ್ಕಲಿನ ಮಾತು, ನಮ್ಮದು ಕಲ್ಲು ನೆಲ, ನಮಗೇನು?” ಎಂದು ಕೆಲವರು ಕೇಳಬಹುದು. ಇಲ್ಲಿಯೇ ಎರಡನೆಯ ದಾರಿ ಬರುತ್ತದೆ. ಚಿನ್ನದ ಅದಿರು ಇರುವ ಹಸಿರು ಶಿಲಾಪಟ್ಟಿಗಳಲ್ಲಿ ಚಿನ್ನದ ಜೊತೆಗಾರನಾಗಿ ಆರ್ಸೆನೊಪೈರೈಟ್ ಎಂಬ ಖನಿಜ ಇರುವುದು ಸಾಮಾನ್ಯ. ಅದರಲ್ಲಿರುವುದು ಕಬ್ಬಿಣ, ಗಂಧಕ ಮತ್ತು ಆರ್ಸೆನಿಕ್; ತೂಕದಲ್ಲಿ ಸುಮಾರು ಶೇ. 46 ಭಾಗ ಆರ್ಸೆನಿಕ್ಕೇ. ಹಟ್ಟಿಯ ಅದಿರಿನಲ್ಲಿಯೂ ಇದುಂಟು. ಬಂಗಾಳದಲ್ಲಿ ಆಮ್ಲಜನಕ ಇಲ್ಲದ್ದರಿಂದ ಆರ್ಸೆನಿಕ್ ಬಿಡುಗಡೆಯಾದರೆ, ಇಲ್ಲಿ ಅದಕ್ಕೆ ತದ್ವಿರುದ್ಧ. ಬಂಡೆಯ ಬಿರುಕಿನೊಳಗೆ ಗಾಳಿ ಮತ್ತು ನೀರು ಹೋಗಿ ಈ ಖನಿಜಕ್ಕೆ ತಗಲಿದಾಗ ಅದು ಕೊಳೆಯುತ್ತದೆ. ಗಂಧಕ ಆಮ್ಲವಾಗುತ್ತದೆ, ಆರ್ಸೆನಿಕ್ ನೀರಿಗೆ ಸೇರುತ್ತದೆ. ಚಿನ್ನವಿಲ್ಲದ ಕಡೆಯೂ ಕಲ್ಲು ನೆಲಕ್ಕೆ ರಿಯಾಯಿತಿಯೇನಿಲ್ಲ. ಛತ್ತೀಸಗಢದ ಅಂಬಾಗಢ ಚೌಕಿ ಪ್ರದೇಶ ಮೆಕ್ಕಲು ನೆಲವಲ್ಲ, ಹಳೆಯ ಜ್ವಾಲಾಮುಖಿ ಶಿಲೆ ಮತ್ತು ಗ್ರಾನೈಟಿನ ನೆಲ. ಅಲ್ಲಿಯೂ ಬಾವಿ ನೀರಿನಲ್ಲಿ ಆರ್ಸೆನಿಕ್ ಇರುವುದು 1999ರಲ್ಲಿ ವರದಿಯಾಯಿತು.

ಇನ್ನು ನಮ್ಮ ರಾಜ್ಯದ ಮಾತು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಮಂಗಳೂರು ಎಂಬ ಊರಿದೆ. (ಕರಾವಳಿಯ ಮಂಗಳೂರಲ್ಲ.) ಅದರ ಹೆಸರಿನ ಶಿಲಾಪಟ್ಟಿಯಲ್ಲಿ ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. ಆ ಹಳೆಯ ಗಣಿ ಪ್ರದೇಶದ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 59 ಕೊಳವೆ ಬಾವಿಗಳ ನೀರು ಪರೀಕ್ಷೆಯಾಗಿದೆ. ಶೇ. 79ರಷ್ಟು 10 ಮೈಕ್ರೋಗ್ರಾಂ ಮಿತಿ ದಾಟಿದ್ದವು. ಅತ್ಯಧಿಕವೆಂದರೆ 303 ಮೈಕ್ರೋಗ್ರಾಂ. ಪರೀಕ್ಷೆಗೊಳಗಾದ 181 ಜನರಲ್ಲಿ ಶೇ. 58.6 ಮಂದಿಗೆ ಆರ್ಸೆನಿಕ್ಕಿನ ಚರ್ಮದ ಕಲೆಗಳಿದ್ದವು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2,000 ಮಿಲಿಗ್ರಾಂಗೂ ಹೆಚ್ಚು ಆರ್ಸೆನಿಕ್ ಕಂಡಿತು. ಗಣಿಯಿಂದ ಹೊರತೆಗೆದು ಸುರಿದ ಪುಡಿಗಲ್ಲು ಕೊಳೆತದ್ದೇ ಇದಕ್ಕೆ ಕಾರಣವಿರಬಹುದೆಂದು ಅಧ್ಯಯನಕಾರರ ಅಭಿಪ್ರಾಯ. ಆದ್ದರಿಂದ ಇಲ್ಲಿ ಪ್ರಕೃತಿಯದಷ್ಟೇ ತಪ್ಪು ಎನ್ನುವಂತಿಲ್ಲ. ವಿಷ ಬಂಡೆಯದು, ಅದನ್ನು ಕುಟ್ಟಿ ಪುಡಿಮಾಡಿ ಗಾಳಿಗೆ ಹರಡಿದ ಕೈ ಮನುಷ್ಯನದು. ರಾಯಚೂರು ಸೀಮೆಯಲ್ಲಿ ಚಿನ್ನ ತೋಡುವುದು ನಿನ್ನೆ ಮೊನ್ನೆಯದಲ್ಲ. ಅಶೋಕನ ಮಸ್ಕಿ ಶಾಸನವನ್ನು 1915ರಲ್ಲಿ ಕಂಡುಹಿಡಿದಾತನೇ ಚಿನ್ನ ಹುಡುಕುತ್ತಿದ್ದ ಒಬ್ಬ ಎಂಜಿನಿಯರು.

ಈ ಅಂಕಿಗಳನ್ನು ಓದಿ ಕರ್ನಾಟಕದ ಬಾವಿಗಳೆಲ್ಲ ವಿಷವೆಂದು ಯಾರೂ ಹೆದರಬೇಕಾಗಿಲ್ಲ. ಅದಿರಿನ ಪಟ್ಟಿಗಳು ಅಗಲ ಕಿರಿದು. ಒಂದೇ ಊರಿನಲ್ಲಿ ಒಂದು ಬಾವಿ ಕೆಟ್ಟದ್ದು, ಮೂರು ಬದು ದಾಟಿದರೆ ಇನ್ನೊಂದು ಬಾವಿ ಒಳ್ಳೆಯದು ಎಂಬಂತೆಯೂ ಇರಬಹುದು. ಬಂಗಾಳದಲ್ಲಿಯೂ ಹೀಗೆಯೇ. ಆದ್ದರಿಂದಲೇ ಪಕ್ಕದವರ ಬಾವಿಯ ಚೀಟಿ ನಿಮ್ಮ ಬಾವಿಗೆ ನಡೆಯದು.

ಈಗ ನನ್ನ ವೃತ್ತಿಗೆ ನೇರವಾಗಿ ತಾಗುವ ಒಂದು ಪ್ರಕರಣವನ್ನು ಹೇಳುತ್ತೇನೆ. 1992ರಲ್ಲಿ ಬ್ರಿಟಿಷ್ ಭೂವಿಜ್ಞಾನ ಸಂಸ್ಥೆ ಮಧ್ಯ ಹಾಗೂ ಈಶಾನ್ಯ ಬಾಂಗ್ಲಾದೇಶದ ಕೊಳವೆ ಬಾವಿಗಳ ನೀರನ್ನು ಪರೀಕ್ಷಿಸಿ ವರದಿ ಬರೆಯಿತು. ಹಲವಾರು ಧಾತುಗಳನ್ನು ಅಳೆದರು. ಆ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಅಂಥ ಮೆಕ್ಕಲಿನಲ್ಲಿ ಅದು ಇದ್ದೀತೆಂದು ಅವರು ಎಣಿಸಿರಲಿಲ್ಲ. ಮರುವರ್ಷವೇ ವಿಷಯ ಹೊರಬಿತ್ತು. ವಿಷದಿಂದ ನರಳಿದ ಬಾಂಗ್ಲಾದೇಶದ ಗ್ರಾಮಸ್ಥರೊಬ್ಬರು, ಆ ವರದಿ ಓದಿದವರು ನೀರು ನಿರಪಾಯವೆಂದು ನಂಬುವಂತಾಯಿತೆಂದು ಇಂಗ್ಲೆಂಡಿನಲ್ಲಿ ದಾವೆ ಹೂಡಿದರು. ದಾವೆ ಅಲ್ಲಿನ ಅಂದಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. 2006ರಲ್ಲಿ ಅದು ದಾವೆಯನ್ನು ತಳ್ಳಿಹಾಕಿತು. ಬಾವಿಯ ನೀರು ಕುಡಿದವರ ಬಗ್ಗೆ ಸಂಸ್ಥೆಗೆ ಕಾನೂನಿನ ಹೊಣೆಯಿರಲಿಲ್ಲವೆಂಬುದು ತೀರ್ಪಿನ ಸಾರಾಂಶ.

ಕಾನೂನಿನ ಲೆಕ್ಕದಲ್ಲಿ ಅದು ಸರಿಯಿರಬಹುದು. ಅದನ್ನು ವಿಮರ್ಶಿಸಲು ನಾನು ವಕೀಲನಲ್ಲ. ಆದರೆ ಲಿಂಗಸುಗೂರಿನ ಆ ಪಂಪಿನ ಮನೆಯ ಗೋಡೆಯ ಮುಂದೆ ನಿಂತಾಗ ಇದೇ ತೀರ್ಪು ನನ್ನ ನೆನಪಿಗೆ ಬಂದು ನಾಚಿಕೆಯಾಯಿತು. ನಾವು ಕೊಟ್ಟ ಚೀಟಿ ಏನನ್ನು ಹೇಳಿತು ಎಂಬುದು ನಮಗೆ ಗೊತ್ತು. ಅದು ಏನನ್ನು ಹೇಳಲಿಲ್ಲ ಎಂಬುದು ರೈತರಿಗೆ ಹೇಗೆ ಗೊತ್ತಾಗಬೇಕು?

ನಾನು ಈ ಮಾತನ್ನು ಎತ್ತಿದಾಗ ನನ್ನ ಸಹೋದ್ಯೋಗಿಗಳು ಹೇಳುವ ಆಕ್ಷೇಪಣೆಗಳು ಇವು. ಕುಡಿಯುವ ನೀರು ನಮ್ಮ ಇಲಾಖೆಯ ಕೆಲಸವಲ್ಲ. ಆರ್ಸೆನಿಕ್ ಅಳೆಯುವ ಉಪಕರಣ ನೀರಾವರಿ ನೀರಿನ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸುಮ್ಮನೆ ಹೆಸರೆತ್ತಿದರೆ ಜನ ಗಾಬರಿಯಾಗುತ್ತಾರೆ. ಮೊದಲಿನ ಎರಡು ನಿಜವೇ. ಆದರೆ ಚೀಟಿಯ ಕೆಳಗೆ, ‘ಈ ಪರೀಕ್ಷೆ ನೀರಾವರಿಗೆ ಮಾತ್ರ; ಕುಡಿಯಲು ಯೋಗ್ಯವೇ ಎಂಬುದನ್ನು ಇದು ಹೇಳುವುದಿಲ್ಲ; ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ನೋಡಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಲು ಯಾವ ಉಪಕರಣ ಬೇಕು? ಹೊಲ ಬೇರೆ, ಅಡಿಗೆಮನೆ ಬೇರೆ ಎಂಬುದು ಕಚೇರಿಯ ವಿಂಗಡಣೆ. ರೈತನ ಮನೆಯಲ್ಲಿ ಎರಡಕ್ಕೂ ಒಂದೇ ಪೈಪು. ಗಾಬರಿಯ ಮಾತಿಗೆ ಬಾಂಗ್ಲಾದೇಶವೇ ಉತ್ತರ. ಅಲ್ಲಿ ಲಕ್ಷಾಂತರ ಕೈಪಂಪುಗಳನ್ನು ಪರೀಕ್ಷಿಸಿ, ಕೆಟ್ಟದ್ದಕ್ಕೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಬಹಳಷ್ಟು ಮನೆಯವರು ಗಾಬರಿಯಿಲ್ಲದೆ ಪಕ್ಕದ ಹಸಿರು ಪಂಪಿನಿಂದ ಕೊಡ ಹೊತ್ತು ತಂದರು. ಕಾಲಕ್ರಮೇಣ ಬಣ್ಣ ಮಾಸಿತು, ಹೊಸ ಬಾವಿಗಳಿಗೆ ಬಣ್ಣವೇ ಬೀಳಲಿಲ್ಲ ಎಂಬುದು ಬೇರೆ ಮಾತು.

ಬೆಳೆಯ ವಿಷಯ ಕೇಳದೆ ನೀವು ನನ್ನನ್ನು ಬಿಡಲಾರಿರಿ. ಲೀಟರಿಗೆ 100 ಮೈಕ್ರೋಗ್ರಾಂ ಆರ್ಸೆನಿಕ್ ಇರುವ ನೀರನ್ನು ಬೇಸಿಗೆ ಭತ್ತಕ್ಕೆ ಒಟ್ಟು ಒಂದು ಮೀಟರ್ ಆಳ ಹಾಯಿಸಿದರೆ ಎಕರೆಗೆ ಸುಮಾರು 40 ಲಕ್ಷ ಲೀಟರ್ ಆಯಿತು. ಅದರೊಂದಿಗೆ ಒಂದು ಹಂಗಾಮಿನಲ್ಲಿ 400 ಗ್ರಾಂ ಆರ್ಸೆನಿಕ್ ಗದ್ದೆಗೆ ಬಂದಂತೆ. ನೀರು ನಿಂತ ಗದ್ದೆಯಲ್ಲಿ ಅದು ಸುಲಭವಾಗಿ ಬೇರಿಗೆ ಸಿಗುವ ರೂಪಕ್ಕೆ ತಿರುಗುತ್ತದೆ. ಭತ್ತದ ಬೇರು ಸಿಲಿಕಾನ್ ಹೀರುವ ದಾರಿಯಲ್ಲೇ ಇದನ್ನೂ ಹೀರುತ್ತದೆ. ಕಾಳಿಗಿಂತ ಹುಲ್ಲಿನಲ್ಲಿ ಹೆಚ್ಚು ಸೇರುವುದರಿಂದ ದನಗಳ ಮೇವಿನ ಮಾತೂ ಇದೆ. ಗದ್ದೆಯನ್ನು ಆಗಾಗ ಆರಿಸಿ ನೀರು ಕೊಟ್ಟರೆ ಕಾಳಿನಲ್ಲಿ ಆರ್ಸೆನಿಕ್ ಕಡಿಮೆಯಾಗುತ್ತದೆ. ಆದರೆ ತೀರ ಆರಿಸಿದರೆ ಕ್ಯಾಡ್ಮಿಯಂ ಹೆಚ್ಚಾಗುವ ಸಂಭವವುಂಟು. ಒಂದನ್ನು ಹೊರಗೆ ದಬ್ಬಿ ಇನ್ನೊಂದನ್ನು ಒಳಗೆ ಕರೆದಂತೆ. ನಮ್ಮ ರಾಯಚೂರು, ಯಾದಗಿರಿ ಸೀಮೆಯ ಭತ್ತ ಬಹುಪಾಲು ತುಂಗಭದ್ರಾ, ಕೃಷ್ಣಾ ಕಾಲುವೆಗಳ ನೀರಿನದು. ಬಾವಿಯ ಕೆಳಗೆ ಬೆಳೆಯುವ ಹತ್ತಿ, ಮೆಣಸಿನಕಾಯಿ, ಶೇಂಗಾಗಳಲ್ಲಿ ನೀರು ನಿಲ್ಲಿಸುವುದಿಲ್ಲ. ಆಗ ಮಣ್ಣಿನ ಕಬ್ಬಿಣ ಆರ್ಸೆನಿಕ್ಕನ್ನು ಬಹುಮಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ನಮ್ಮಲ್ಲಿ ಹೊಲಕ್ಕಿಂತ ಮೊದಲು ನೋಡಬೇಕಾದದ್ದು ಕುಡಿಯುವ ಕೊಡವನ್ನು ಎಂಬುದು ನನ್ನ ಅಭಿಪ್ರಾಯ.

ಬಾವಿಯಲ್ಲಿ ಆರ್ಸೆನಿಕ್ ಇದೆಯೆಂದು ತಿಳಿದರೆ ಆ ಬಾವಿಯನ್ನು ಮುಚ್ಚಬೇಕಾಗಿಲ್ಲ. ಸ್ನಾನಕ್ಕೆ, ಬಟ್ಟೆ ಒಗೆಯಲು ಬಳಸಬಹುದು. ಕುಡಿಯುವುದಕ್ಕೂ ಅಡಿಗೆಗೂ ಮಾತ್ರ ಬೇರೆ ನೀರು ಬೇಕು: ಪರೀಕ್ಷೆಯಾದ ಮತ್ತೊಂದು ಬಾವಿ, ಶುದ್ಧೀಕರಿಸಿದ ಕಾಲುವೆ ಅಥವಾ ಕೆರೆಯ ನೀರು, ಚಾವಣಿಯಿಂದ ಹಿಡಿದ ಮಳೆ ನೀರು. ಹಳ್ಳಿಯ ಶುದ್ಧ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದರೆ ಆರ್ಸೆನಿಕ್ಕನ್ನು ತಗ್ಗಿಸುತ್ತದೆ. ಆದರೆ ಒಳಹೋಗುವ ನೀರನ್ನೂ ಹೊರಬರುವ ನೀರನ್ನೂ ಪರೀಕ್ಷಿಸಿದಾಗಲೇ ಅದು ಖಾತ್ರಿ. ಘಟಕದಿಂದ ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಅದೇ ವಿಷ ಮಂದವಾಗಿರುತ್ತದೆ. ಅದನ್ನು ದನದ ತೊಟ್ಟಿಗೆ ಬಿಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗೆ ಮಾಡಬಾರದು.

ಮಾದರಿ ತೆಗೆಯುವವರು ಪಂಪನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ಹಳೆಯ ನೀರು ಹೋದ ಮೇಲೆ ಹಿಡಿಯಬೇಕು. ಶುಭ್ರವಾದ ಪ್ಲಾಸ್ಟಿಕ್ ಸೀಸೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಬೇಕು. ಔಷಧಿಯ ಡಬ್ಬಿ, ಗೊಬ್ಬರದ ಕ್ಯಾನು ಬೇಡ. ಸರ್ವೆ ನಂಬರು, ಬಾವಿಯ ಆಳ, ದಿನಾಂಕ ಬರೆದು ಅಂಟಿಸಿ. ಎರಡು ಸೀಸೆ ತುಂಬಿ: ಒಂದನ್ನು ನಮಗೆ ಕೊಡಿ, ಇನ್ನೊಂದನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ. ಕೊಡುವಾಗ ಸುಮ್ಮನೆ ‘ನೀರು ಪರೀಕ್ಷೆ’ ಎನ್ನಬೇಡಿ. ಆರ್ಸೆನಿಕ್ ಮತ್ತು ಫ್ಲೋರೈಡ್ ನೋಡಿಕೊಡಿ ಎಂದು ಹೆಸರು ಹಿಡಿದು ಕೇಳಿ, ಚೀಟಿ ಕೈಗೆ ಬಂದಾಗ ಆ ಎರಡು ಹೆಸರುಗಳ ಮುಂದೆ ಅಂಕಿ ಬಿದ್ದಿದೆಯೇ ನೋಡಿ. ಖಾಲಿ ಬಿಟ್ಟಿದ್ದರೆ ಅಲ್ಲಿಯೇ ನಿಂತು ಕೇಳಿ. ಮುಂಗಾರಿಗೆ ಮುನ್ನ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಮಾಡಿಸುವುದು ಮೇಲು. ಬಾವಿಯನ್ನು ಇನ್ನೂ ಆಳಕ್ಕೆ ಇಳಿಸಿದರೆ ಅದು ಹೊಸ ಬಾವಿಯೆಂದೇ ತಿಳಿದು ಮತ್ತೆ ಮೊದಲಿನಿಂದ ಮಾಡಿಸಬೇಕು.